ಪೋಕರ್ ನಿಷೇಧ: ಕೋರ್ಟು ಮೆಟ್ಟಿಲೊಂದೇ ಸಾಕೆ?

ಕೊಡಗಿನವರಿಗೆ ಕಾನೂನಿನೊಂದಿಗಿನ ಜಗ್ಗಾಟ ಹೊಸದಲ್ಲ. ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಲು ಕೊಡವರಿಗೂ ಜಮ್ಮಾ ಜಮೀನಿನ ಹಿಡುವಳಿದಾರರಿಗೂ ಇರುವ ವಿನಾಯಿತಿ ಹೈಕೋರ್ಟಿನವರೆಗೂ ಹೋಗಿ, 2021ರ ಸೆಪ್ಟೆಂಬರ್‌ನಲ್ಲಿ ಉಳಿದುಕೊಂಡಿತು. ಅದೇ ತಿಂಗಳು ರಾಜ್ಯ ವಿಧಾನಸಭೆ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಜೂಜಿನ ಸಾಲಿಗೆ ಸೇರಿಸಿತು. ರಮ್ಮಿ, ಪೋಕರ್ ಎಲ್ಲಕ್ಕೂ ಒಂದೇ ಕಟ್ಟು: 3 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ. ಕುದುರೆ ರೇಸಿಗೆ ರಿಯಾಯಿತಿ. ಕುದುರೆಯ ಮೇಲೆ ಹಣ ಕಟ್ಟುವವನಿಗೆ ಬುದ್ಧಿಯಿದೆ, ಇಸ್ಪೀಟು ಹಿಡಿದವನಿಗಿಲ್ಲ ಎಂದಂತಾಯಿತು.

ನಿಷೇಧ ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ನಿಷೇಧ ಬೇಡ ಎನ್ನುವವರು ನ್ಯಾಯಾಲಯವನ್ನಷ್ಟೇ ನಂಬಿಕೊಂಡರೆ ಸಾಕೆ, ರಾಜಕೀಯದ ಅಂಗಳಕ್ಕೂ ಇಳಿಯಬೇಕೆ ಎಂಬುದು ಇಲ್ಲಿನ ಪ್ರಶ್ನೆ.

ಪರ: ಕೋರ್ಟೇ ಸಾಕು

ಪೋಕರ್ ಪರ ಮಾತಾಡಿ ಓಟು ಗಳಿಸಿದ ರಾಜಕಾರಣಿ ಈ ನಾಡಿನಲ್ಲಿ ಹುಟ್ಟಿಲ್ಲ. ಮಗ ಮೊಬೈಲ್ ಹಿಡಿದು ಸಾಲ ಮಾಡಿಕೊಂಡ ಮನೆಯ ಮುಂದೆ ನಿಂತು, ‘ಇದು ಕೌಶಲದ ಆಟ’ ಎನ್ನುವ ಧೈರ್ಯ ಯಾವ ಶಾಸಕನಿಗಿದೆ? ನ್ಯಾಯಾಧೀಶರಿಗೆ ಆ ಭಯವಿಲ್ಲ. ರಮ್ಮಿಯಲ್ಲಿ ಅದೃಷ್ಟಕ್ಕಿಂತ ಜಾಣ್ಮೆಯೇ ಮುಖ್ಯ ಎಂದು ಸುಪ್ರೀಂ ಕೋರ್ಟ್ 1967ರಲ್ಲೇ ಹೇಳಿದೆ. 2013ರಲ್ಲಿ ಇಂಡಿಯನ್ ಪೋಕರ್ ಅಸೋಸಿಯೇಷನ್ ಕರ್ನಾಟಕ ಹೈಕೋರ್ಟಿಗೆ ಹೋಗಿ ತನಗೆ ಬೇಕಾದ ಆದೇಶ ಪಡೆಯಿತು. 2022ರ ಫೆಬ್ರವರಿ 14ರಂದು ಮುಖ್ಯ ನ್ಯಾಯಮೂರ್ತಿ ರಿತುರಾಜ್ ಅವಸ್ಥಿ, ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅವರ ಪೀಠ ರಾಜ್ಯದ ತಿದ್ದುಪಡಿಯ ಮುಖ್ಯ ಕಲಮುಗಳನ್ನೇ ರದ್ದು ಮಾಡಿತು. ಕಾನೂನು ಜಾರಿಗೆ ಬಂದು ಐದು ತಿಂಗಳೂ ತುಂಬಿರಲಿಲ್ಲ.

ಕೋವಿ ಪ್ರಕರಣ ಕೊಡಗಿಗೆ ಕಲಿಸಿದ ಪಾಠವೂ ಇದೇ ಎನ್ನುತ್ತಾರೆ ಈ ವಾದದವರು. ಬೀದಿಯಲ್ಲಿ ಕೂಗಿದರೆ ಎದುರಾಳಿಗಳು ಹೆಚ್ಚುತ್ತಾರೆ. ಕಂಪನಿಗಳ ದುಡ್ಡು ರಾಜಕೀಯಕ್ಕೆ ಹರಿದರಂತೂ ಇರುವ ಮರ್ಯಾದೆಯೂ ಹೋಗುತ್ತದೆ.

ವಿರೋಧ: ಕೋರ್ಟು ಸಾಲದು

ಈ ಕಡೆಯ ವಾದಕ್ಕೆ ಬಲ ಸಿಗುವುದು 2022ರ ತೀರ್ಪಿನಿಂದಲೇ. ಸಂವಿಧಾನಕ್ಕೆ ಅನುಗುಣವಾಗಿ ಹೊಸ ಕಾನೂನು ಮಾಡಲು ಅಡ್ಡಿಯಿಲ್ಲ ಎಂದು ಅದೇ ಪೀಠ ಬರೆದಿಟ್ಟಿತ್ತು. ಎಲ್ಲ ಕೋರ್ಟುಗಳೂ ಒಂದೇ ಮಾತು ಹೇಳಿರಲೂ ಇಲ್ಲ. ಪೋಕರ್ ಅದೃಷ್ಟದಾಟ ಎಂದು ಗುಜರಾತ್ ಹೈಕೋರ್ಟ್ 2017ರಲ್ಲಿ ತೀರ್ಪು ಕೊಟ್ಟಿತ್ತು. ಕೊನೆಗೆ ಹೊಡೆತ ಬಿದ್ದದ್ದು ದೆಹಲಿಯಿಂದ. 2025ರ ಆಗಸ್ಟ್ 20ರಂದು ಲೋಕಸಭೆಯಲ್ಲಿ ಆನ್‌ಲೈನ್ ಗೇಮಿಂಗ್ ಮಸೂದೆ ಮಂಡನೆಯಾಯಿತು, ಅಂದೇ ಗದ್ದಲದ ನಡುವೆ ಪಾಸಾಯಿತು. ಮರುದಿನ ರಾಜ್ಯಸಭೆ, ಅದರ ಮರುದಿನ ರಾಷ್ಟ್ರಪತಿಗಳ ಅಂಕಿತ. ಹಣ ಕಟ್ಟಿ ಆಡುವ ಆನ್‌ಲೈನ್ ಆಟ ಕೌಶಲದ್ದಾದರೂ ಸರಿ, ಅದೃಷ್ಟದ್ದಾದರೂ ಸರಿ, ನಿಷಿದ್ಧ. ದಶಕಗಳ ಕಾಲ ವಕೀಲರು ಕಟ್ಟಿದ ‘ಕೌಶಲ’ದ ಗೋಡೆಯನ್ನು ಸಂಸತ್ತು ಮೂರು ದಿನವೂ ತೆಗೆದುಕೊಳ್ಳದೆ ಬಳಸಿ ದಾಟಿತು.

ಕಂಪನಿಗಳು ಮತ್ತೆ ಹಿಡಿದದ್ದು ಹಳೆಯ ದಾರಿಯನ್ನೇ. ಎ23 ಎಂಬ ರಮ್ಮಿ, ಪೋಕರ್ ತಾಣ ನಡೆಸುವ ಹೆಡ್ ಡಿಜಿಟಲ್ ವರ್ಕ್ಸ್ ಬೆಂಗಳೂರಿನಲ್ಲಿ ಅರ್ಜಿ ಹಾಕಿತು. ಸೆಪ್ಟೆಂಬರ್ 8ರಂದು ಸುಪ್ರೀಂ ಕೋರ್ಟ್ ಬೇರೆ ಬೇರೆ ಹೈಕೋರ್ಟುಗಳ ಅರ್ಜಿಗಳನ್ನೆಲ್ಲ ತನ್ನ ಬಳಿಗೆ ತರಿಸಿಕೊಂಡಿತು.

ಇದಕ್ಕೆ ಎದುರಾಗಿ ಕಂಬಳವನ್ನು ನೋಡಬೇಕು. 2016ರಲ್ಲಿ ಹೈಕೋರ್ಟ್ ತಡೆ ಕೊಟ್ಟಾಗ ಕರಾವಳಿಯವರು ವಕೀಲರನ್ನಷ್ಟೇ ನೆಚ್ಚಿ ಕೂರಲಿಲ್ಲ. ಓಟದ ಕೋಣಗಳ ಯಜಮಾನರಿಂದ ಹಿಡಿದು ಗದ್ದೆಯ ಬದುವಿನಲ್ಲಿ ನಿಂತು ನೋಡುವವರ ತನಕ ಬೀದಿಗಿಳಿದರು. ಪಕ್ಷಭೇದ ಮರೆತು ಶಾಸಕರು ದನಿಗೂಡಿಸಿದರು. 2017ರಲ್ಲಿ ವಿಧಾನಮಂಡಲ ಕಾನೂನನ್ನೇ ತಿದ್ದಿತು, 2023ರ ಮೇ 18ರಂದು ಸುಪ್ರೀಂ ಕೋರ್ಟ್ ಆ ತಿದ್ದುಪಡಿಯನ್ನು ಒಪ್ಪಿತು. ಅಮೆರಿಕದ ಕಥೆಯೂ ತೀರಾ ಬೇರೆಯಲ್ಲ. ಆನ್‌ಲೈನ್ ಜೂಜಿನ ಹಣದ ದಾರಿಗೆ ಬೇಲಿ ಹಾಕಿದ 2006ರ ಕಾನೂನನ್ನು ಬಂದರು ಭದ್ರತೆಯ ಮಸೂದೆಯ ಬಾಲಕ್ಕೆ ಕಟ್ಟಿ ಪಾಸು ಮಾಡಲಾಗಿತ್ತು. ಪೋಕರ್ ಪ್ಲೇಯರ್ಸ್ ಅಲಯನ್ಸ್ ಎಂಬ ಆಟಗಾರರ ಕೂಟ ಜನಪ್ರತಿನಿಧಿಗಳ ಬೆನ್ನು ಹತ್ತಿತು. ವಾಷಿಂಗ್ಟನ್ ಅಲುಗಲಿಲ್ಲ, ಆದರೆ 2013ರ ಹೊತ್ತಿಗೆ ನೆವಾಡಾ, ಡೆಲವೇರ್, ನ್ಯೂಜೆರ್ಸಿ ರಾಜ್ಯಗಳು ತಮ್ಮ ತಮ್ಮ ಕಾನೂನಿನಡಿ ಬಾಗಿಲು ತೆರೆದಿದ್ದವು.

ಇಲ್ಲಿಯೂ ಹಿಡಿಯಬಹುದಾದ ಎಳೆ ರಾಜ್ಯದ ಹಕ್ಕು. ‘ಪಣ ಮತ್ತು ಜೂಜು’ ಸಂವಿಧಾನದ ರಾಜ್ಯಪಟ್ಟಿಯ 34ನೇ ವಿಷಯ. 1956ರವರೆಗೆ 24 ಸದಸ್ಯರ ತನ್ನದೇ ವಿಧಾನಸಭೆ ಹೊಂದಿದ್ದ ಕೊಡಗಿಗೆ ಈ ಮಾತಿನ ತೂಕ ಬಿಡಿಸಿ ಹೇಳಬೇಕಿಲ್ಲ. ನಿಷೇಧದಿಂದ ರಾಜ್ಯಗಳ ಆದಾಯ ಹೋಗುತ್ತದೆ, ಆಟಗಾರರು ವಿದೇಶಿ ತಾಣಗಳಿಗೆ ಜಾರುತ್ತಾರೆ ಎಂದು ರಾಜ್ಯದ ಐಟಿ ಸಚಿವ ಪ್ರಿಯಾಂಕ್ ಖರ್ಗೆ ಬಹಿರಂಗವಾಗಿಯೇ ಟೀಕಿಸಿದ್ದಾರೆ. ಕೊಡಗಿನ ಇಬ್ಬರು ಶಾಸಕರು, ಎ.ಎಸ್. ಪೊನ್ನಣ್ಣ ಮತ್ತು ಡಾ. ಮಂತರ್ ಗೌಡ, ಖರ್ಗೆಯವರ ಪಕ್ಷದವರೇ. ಅವರಲ್ಲಿ ಪೊನ್ನಣ್ಣ ವೃತ್ತಿಯಿಂದ ವಕೀಲರು. ಸಂಸದ ಯದುವೀರ್ ಒಡೆಯರ್ ಅವರದು ಕಾನೂನು ತಂದ ಪಕ್ಷ. ಬೆಂಗಳೂರು, ದೆಹಲಿ ಎರಡೂ ಕಡೆ ಬಾಗಿಲು ತಟ್ಟಲು ಇದಕ್ಕಿಂತ ಅನುಕೂಲ ಬೇಕೆ?

ಬಾಗಿಲು ತೆರೆದವರು ಕೇಳುವ ಮೊದಲ ಪ್ರಶ್ನೆಗೆ ಮಾತ್ರ ಉತ್ತರ ಸಿದ್ಧವಿರಬೇಕು. ಕೇಂದ್ರದ ಅಂದಾಜಿನಂತೆ ಇಂಥ ಆಟಗಳಲ್ಲಿ ಸುಮಾರು 45 ಕೋಟಿ ಜನ ವರ್ಷಕ್ಕೆ 20,000 ಕೋಟಿ ರೂಪಾಯಿ ಕಳೆದುಕೊಳ್ಳುತ್ತಿದ್ದರು. ದಿನಕ್ಕೆ ಕಟ್ಟಬಹುದಾದ ಹಣಕ್ಕೆ ಮಿತಿ, ವಯಸ್ಸಿನ ಕಟ್ಟುನಿಟ್ಟಿನ ತಪಾಸಣೆ, ಸೋತವನನ್ನು ಹೊರಗಿಡುವ ವ್ಯವಸ್ಥೆ ಇವನ್ನು ತಾವಾಗಿಯೇ ಮುಂದಿಡದ ಉದ್ಯಮಕ್ಕೆ ರಾಜಕೀಯ ಹೋರಾಟವೂ ಒಲಿಯದು. ಸಿನಿಮಾ ತಾರೆಯರ, ಕ್ರಿಕೆಟಿಗರ ಜಾಹೀರಾತಿಗೆ ಸುರಿದ ದುಡ್ಡಿನಲ್ಲಿ ಒಂದು ಪಾಲು ಇದಕ್ಕೆ ಹೋಗಿದ್ದರೆ ಮಾತು ಬೇರೆಯಾಗುತ್ತಿತ್ತು.

ಎರಡು ವಾದಗಳಲ್ಲಿ ತೂಕವಿರುವುದು ಎರಡನೆಯದಕ್ಕೇ. ಆದರೂ ಜನಬಲ ಕೂಡುವುದು ಸುಲಭವಲ್ಲ, ಯಾಕೆಂದರೆ ಹೊಸ ಕಾಯ್ದೆ ಶಿಕ್ಷಿಸುವುದು ಆಡಿಸುವವರನ್ನು, ಜಾಹೀರಾತು ಕೊಡುವವರನ್ನು, ಆಡಿದವನನ್ನಲ್ಲ. ಅದು ತಟ್ಟಿರುವುದೂ ಆನ್‌ಲೈನ್‌ಗೆ ಮಾತ್ರ. ಕೊಡಗಿನ ಕ್ಲಬ್ಬುಗಳ ಇಸ್ಪೀಟು ಮೇಜಿಗೆ ಅನ್ವಯಿಸುವುದು 1963ರ ಪೊಲೀಸ್ ಕಾಯ್ದೆ, ಅದರಲ್ಲಿ ಕೌಶಲದ ಆಟಕ್ಕೆ ವಿನಾಯಿತಿ ಹಾಗೆಯೇ ಇದೆ.