ಗಾಜಿನ ಕಪಾಟಿನಲ್ಲಿ ಗಿಟಾರು

ಕನ್ನಡ ಸಂಘದ ಪತ್ರಿಕೆಯಲ್ಲಿ ಗಿಟಾರಿನ ಸುದ್ದಿ ಯಾಕೆ? ಈ ಪ್ರಶ್ನೆಯನ್ನು ನೀವು ಕೇಳುವ ಮೊದಲೇ ನಮ್ಮ ಸಂಪಾದಕರು ಕೇಳಿಯಾಗಿದೆ. "ಬೇಂದ್ರೆ, ಅಡಿಗರ ಬಗ್ಗೆ ಏನಾದರೂ ಬರಿ ಮಾರಾಯ, ನಾಲ್ಕು ಪುಟ ಖಾಲಿ ಉಂಟು" ಅಂದರು. ಬೇಂದ್ರೆ, ಅಡಿಗರ ಬಗ್ಗೆ ಬರೆಯುವವರಿಗೆ ನಮ್ಮಲ್ಲಿ ಬರವಿಲ್ಲ. ನಾನು ಹೇಳಬೇಕೆಂದಿರುವುದು ಒಂದು ಹಾರ್ಮೋನಿಯಮ್ಮಿನ ವಿಷಯ. ಆದರೆ ಆ ಹಾರ್ಮೋನಿಯಮ್ಮಿನ ಬೀಗದ ಕುರಿತು ನನ್ನ ತಲೆಯಲ್ಲಿ ಹುಳ ಬಿಟ್ಟದ್ದು ಗಿಟಾರು. ಹಾಗಾಗಿ ಮೊದಲು ಗಿಟಾರು.

ಮಲಾಡಿನಲ್ಲಿ ಬೆಳೆದವರಿಗೆ ಗಿಟಾರು ಪರಕೀಯವೇನಲ್ಲ. ಮಾರ್ವೆ ರಸ್ತೆಯಲ್ಲಿ ಓರ್ಲೆಮ್ ಕಡೆ ಹೋದರೆ ಇಗರ್ಜಿಯ ಹಾಡಿನ ಜೊತೆಗೋ, ಮದುವೆ ಮನೆಯ ಗಲಾಟೆಯ ನಡುವೆಯೋ ಅದು ಕಿವಿಗೆ ಬಿದ್ದೇ ಬೀಳುತ್ತದೆ. ಅಲ್ಲಿ ನನಗೊಬ್ಬ ಗೆಳೆಯನಿದ್ದಾನೆ, ಮಂಗಳೂರು ಕಡೆಯ ಕೊಂಕಣಿ ಮನೆಯವನು. ಅವನ ಹತ್ತಿರ ಅಪ್ಪನ ಕಾಲದ ಒಂದು ಗಿಟಾರಿದೆ. ಹೊಟ್ಟೆ ಬಿರುಕು ಬಿಟ್ಟ ಕಡೆ ಟೇಪು ಸುತ್ತಿದೆ, ಒಂದು ಕಿವಿ ಬೇರೆ ಯಾವುದೋ ಗಿಟಾರಿನದು. ನಾನು ನಕ್ಕೆ. ಅವನಿಗೆ ಸಿಟ್ಟು ಬಂತು. "ನಗಬೇಡ, ಕ್ಲ್ಯಾಪ್ಟನ್‌ನ ಗಿಟಾರೂ ಹೀಗೇ ಇತ್ತು" ಎಂದ. ಅವತ್ತು ಕೇಳಿದ್ದನ್ನು ಆಮೇಲೆ ಓದಿ ನೋಡಿದೆ. ಅವನು ಹೇಳಿದ್ದು ನಿಜ.

ಎರಿಕ್ ಕ್ಲ್ಯಾಪ್ಟನ್ ಇಂಗ್ಲೆಂಡಿನವನು, 1945ರಲ್ಲಿ ಹುಟ್ಟಿದವನು, ಬ್ಲೂಸ್ ಮತ್ತು ರಾಕ್ ಸಂಗೀತದ ದೊಡ್ಡ ಹೆಸರು. ಅವನ ಕೈಯಲ್ಲಿ ಬಂದುಹೋದ ಗಿಟಾರುಗಳನ್ನು ಎಣಿಸಲು ಕೂತರೆ ಈ ಸಂಚಿಕೆ ಸಾಲದು. ಒಂದನ್ನು 1966ರಲ್ಲಿ ಯಾರೋ ಕದ್ದರು, ಇವತ್ತಿಗೂ ಸಿಕ್ಕಿಲ್ಲ. ಇನ್ನೊಂದಕ್ಕೆ ಚಿತ್ರಕಾರರು ಮೈತುಂಬ ಬಣ್ಣ ಬಳಿದರು. ನನಗೆ ಬೇಕಾದದ್ದು 'ಬ್ಲ್ಯಾಕಿ' ಎಂಬುದು. ಕನ್ನಡದಲ್ಲಿ 'ಕರಿಯ' ಅನ್ನೋಣ. ನಮ್ಮ ಊರುಗಳಲ್ಲಿ ಎತ್ತಿಗೂ ನಾಯಿಗೂ ಇಡುವ ಹೆಸರು. ಅದೇ ಸಲುಗೆ, ಅದೇ ಪ್ರೀತಿ.

ಈ ಕರಿಯ ಹುಟ್ಟಿದ್ದು ಹೀಗೆ. 1970ರಲ್ಲಿ ಅಮೆರಿಕದ ನಾಶ್‌ವಿಲ್ ಊರಿನ ಒಂದು ಅಂಗಡಿಯಲ್ಲಿ ಹಳೆಯ ಸ್ಟ್ರಾಟೋಕಾಸ್ಟರ್ ಗಿಟಾರುಗಳು ಅಗ್ಗಕ್ಕೆ ಬಿದ್ದಿದ್ದವು. ಆಗ ಯಾರಿಗೂ ಅವು ಬೇಡವಾಗಿದ್ದವು. ಕ್ಲ್ಯಾಪ್ಟನ್ ಒಂದಿಷ್ಟು ಕೊಂಡ. ಜಾರ್ಜ್ ಹ್ಯಾರಿಸನ್, ಪೀಟ್ ಟೌನ್‌ಶೆಂಡ್, ಸ್ಟೀವ್ ವಿನ್‌ವುಡ್ ಈ ಮೂವರು ಗೆಳೆಯರಿಗೆ ಒಂದೊಂದು ಕೊಟ್ಟ. ಉಳಿದ ಮೂರನ್ನು ಬಿಚ್ಚಿ ಹಾಕಿ, ಒಂದರ ಕತ್ತು, ಇನ್ನೊಂದರ ಒಡಲು, ಮತ್ತೊಂದರ ಒಳಗಿನ ಸರಂಜಾಮು ಹೀಗೆ ಚೆನ್ನಾಗಿದ್ದುದನ್ನೆಲ್ಲ ಕೂಡಿಸಿ ಒಂದು ಮಾಡಿದ. ಕುರ್ಲಾದ ಗ್ಯಾರೇಜಿನವರು ಮೂರು ಸ್ಕೂಟರು ಬಿಚ್ಚಿ ಒಂದು ಓಡಿಸುವುದಿಲ್ಲವೇ, ಹಾಗೆ! ಮುಂದೆ 1985ರ ತನಕ ವೇದಿಕೆಯ ಮೇಲೆ ಅವನ ಜೊತೆಗಿದ್ದದ್ದು ಈ ಜೋಡಣೆಯ ಗಿಟಾರೇ.

ಇದು ಸಾಧ್ಯವಾದದ್ದಕ್ಕೂ ಕಾರಣ ಉಂಟು. ಸ್ಟ್ರಾಟೋಕಾಸ್ಟರನ್ನು 1954ರಲ್ಲಿ ಮಾರುಕಟ್ಟೆಗೆ ತಂದ ಲಿಯೋ ಫೆಂಡರ್‌ಗೆ ಗಿಟಾರು ನುಡಿಸಲು ಬರುತ್ತಿರಲಿಲ್ಲ. ಆತ ರೇಡಿಯೋ ರಿಪೇರಿ ಮಾಡುತ್ತಿದ್ದ ಮನುಷ್ಯ. ರಿಪೇರಿಯವನ ಬುದ್ಧಿಯಿಂದಲೇ ಯೋಚಿಸಿದ. ಹಳೆಯ ಪದ್ಧತಿಯಂತೆ ಕತ್ತನ್ನು ಒಡಲಿಗೆ ಸರೇಸು ಹಾಕಿ ಅಂಟಿಸದೆ ನಾಲ್ಕು ಸ್ಕ್ರೂ ಹಾಕಿ ಬಿಗಿದ. ಕತ್ತು ಸವೆಯಿತೋ, ಸ್ಕ್ರೂ ಬಿಚ್ಚು, ಬೇರೆ ಹಾಕು. ಪೂಜೆಯ ವಸ್ತುವನ್ನು ಯಾರೂ ಹೀಗೆ ಮಾಡುವುದಿಲ್ಲ. ಇದು ದುಡಿಯುವ ವಸ್ತು.

ಆಮೇಲೆ ಏನಾಯಿತು ಕೇಳಿ. 2004ರಲ್ಲಿ ಕರಿಯನನ್ನು ಹರಾಜಿಗಿಟ್ಟರು. 9 ಲಕ್ಷ 59 ಸಾವಿರದ 500 ಡಾಲರ್ ಬಂತು. ಹಣ ಹೋದದ್ದು ಒಳ್ಳೆಯ ಕೆಲಸಕ್ಕೆ, ಆಂಟಿಗುವಾ ದ್ವೀಪದಲ್ಲಿ ಕುಡಿತ ಮತ್ತು ಮಾದಕ ವಸ್ತುಗಳ ಚಟ ಬಿಡಿಸಲು ಕ್ಲ್ಯಾಪ್ಟನ್ ಕಟ್ಟಿದ ಕೇಂದ್ರಕ್ಕೆ. ಸ್ವತಃ ಆ ನರಕ ಕಂಡು ಬಂದವನು ಅವನು. ಅದರ ಬಗ್ಗೆ ನನ್ನ ತಕರಾರಿಲ್ಲ. ನನಗೆ ನಗು ಬಂದದ್ದು ಮುಂದಿನದಕ್ಕೆ. 2006ರಲ್ಲಿ ಫೆಂಡರ್ ಕಂಪೆನಿಯವರು ಕರಿಯನ 275 ನಕಲುಗಳನ್ನು ಮಾಡಿ ಮಾರಿದರು. ಎಲ್ಲಿ ಬಣ್ಣ ಎದ್ದಿತ್ತೋ ಅಲ್ಲಿ ಬಣ್ಣ ಕೆರೆದರು. ನುಡಿಸುವಾಗ ಕ್ಲ್ಯಾಪ್ಟನ್ ಗಿಟಾರಿನ ತಲೆಗೆ ಸಿಗರೇಟು ಸಿಕ್ಕಿಸಿಡುತ್ತಿದ್ದುದರಿಂದ ಸುಟ್ಟ ಕಲೆ ಇತ್ತಲ್ಲ, ಆ ಕಲೆಯನ್ನೂ ಮಾಡಿದರು. ಹದಿನೈದು ವರ್ಷದ ದುಡಿಮೆಯ ಗಾಯ ಕಾರ್ಖಾನೆಯಲ್ಲಿ ಒಂದು ವಾರದಲ್ಲಿ ತಯಾರು. ಅಪ್ಪನ ಕೈಯ ಜಡ್ಡನ್ನು ಮಗ ಅಂಗಡಿಯಲ್ಲಿ ಕೊಂಡು ಹಚ್ಚಿಕೊಂಡ ಹಾಗಾಯಿತು.

ಬಿ.ಬಿ. ಕಿಂಗ್ ಎಂಬ ಹಿರಿಯನ ಕಥೆ ಇನ್ನೂ ಚೆಂದ. 1949ರ ಚಳಿಗಾಲ, ಆರ್ಕನ್ಸಾ ರಾಜ್ಯದ ಟ್ವಿಸ್ಟ್ ಎಂಬ ಸಣ್ಣ ಊರು. ಕುಣಿತದ ಮನೆಯಲ್ಲಿ ಬೆಚ್ಚಗಿರಲೆಂದು ಡ್ರಮ್ಮಿನಲ್ಲಿ ಸೀಮೆಎಣ್ಣೆ ಉರಿಸಿದ್ದಾರೆ. ಇಬ್ಬರಿಗೆ ಜಗಳ ಹತ್ತಿ ಡ್ರಮ್ಮು ಉರುಳಿ ಮನೆಗೆ ಬೆಂಕಿ. ಎಲ್ಲರ ಜೊತೆ ಹೊರಗೆ ಓಡಿದ ಕಿಂಗ್‌ಗೆ ಗಿಟಾರು ಒಳಗೇ ಉಳಿದದ್ದು ನೆನಪಾಗಿ ಮತ್ತೆ ಉರಿಯೊಳಗೆ ನುಗ್ಗಿದ. ಮೂವತ್ತು ಡಾಲರಿನ ಗಿಟಾರು! ಮರುದಿನ ತಿಳಿಯಿತು, ಜಗಳ ಲೂಸಿಲ್ ಎಂಬ ಹೆಂಗಸಿನ ಸಲುವಾಗಿ ನಡೆದದ್ದೆಂದು. ಇಂಥ ಹುಚ್ಚು ಕೆಲಸ ಇನ್ನೊಮ್ಮೆ ಮಾಡಬಾರದೆಂಬ ನೆನಪಿಗೆ ಗಿಟಾರಿಗೆ ಅದೇ ಹೆಸರಿಟ್ಟ. ಗಮನಿಸಬೇಕಾದ ಮಾತೆಂದರೆ, ಮುಂದೆ ಅವನು ನುಡಿಸಿದ ಗಿಟಾರುಗಳಿಗೆಲ್ಲ ಲೂಸಿಲ್ ಎಂದೇ ಹೆಸರು. ಮಠದ ಪೀಠದ ಹಾಗೆ, ಕೂತವರು ಬದಲಾದರೂ ಹೆಸರು ಅದೇ. ಹಾಗಾದರೆ ಲೂಸಿಲ್ ಎಂಬುದು ಮರದಲ್ಲಿತ್ತೋ, ಅವನ ಬೆರಳಲ್ಲಿತ್ತೋ?

ಇಲ್ಲೇ ಬಾಂದ್ರಾದ ಮೆಹಬೂಬ್ ಸ್ಟುಡಿಯೋಗೆ 2011ರಲ್ಲಿ ಬ್ಲೂಸ್ ಉತ್ಸವಕ್ಕೆ ಬಂದು ನುಡಿಸಿಹೋದ ಬಡ್ಡಿ ಗೈ, ಹುಡುಗನಾಗಿದ್ದಾಗ ಮನೆಯ ಕಿಟಕಿಯ ಸೊಳ್ಳೆ ಜಾಲರಿಯ ತಂತಿ ಕಿತ್ತು ವಾದ್ಯ ಮಾಡಿಕೊಂಡವನಂತೆ. ಮನೆಯೊಳಗೆ ಸೊಳ್ಳೆ ಬಂದವು, ಸಂಗೀತವೂ ಬಂತು.

"ಇದೆಲ್ಲ ಅವರದ್ದಾಯಿತು, ನಮ್ಮದೇನು?" ಎನ್ನುವವರಿಗೆ ನಮ್ಮ ಪಿಟೀಲು ಚೌಡಯ್ಯನವರನ್ನು ನೆನಪಿಸುತ್ತೇನೆ. ತಿರುಮಕೂಡಲಿನಲ್ಲಿ 1895ರಲ್ಲಿ ಹುಟ್ಟಿ, ಬಿಡಾರಂ ಕೃಷ್ಣಪ್ಪನವರಲ್ಲಿ ಕಲಿತವರು. ಅವರು ಪ್ರಾಯದಲ್ಲಿದ್ದಾಗ ಕಛೇರಿಗೆ ಮೈಕು ಎಲ್ಲಿಂದ ಬರಬೇಕು? ಹಾಡುವವರ ಗಂಟಲು ದೊಡ್ಡದು, ಸಭೆ ದೊಡ್ಡದು, ಪಿಟೀಲಿನ ನಾದ ಹಿಂದಿನ ಸಾಲಿಗೆ ಮುಟ್ಟುತ್ತಿರಲಿಲ್ಲ. ಚೌಡಯ್ಯನವರು ನಾಲ್ಕು ತಂತಿಯ ವಾದ್ಯಕ್ಕೆ ಇನ್ನೂ ಮೂರು ತಂತಿ ಸೇರಿಸಿ ಏಳು ಮಾಡಿದರು. ಅಮೆರಿಕದಲ್ಲಿ ಗಿಟಾರಿನವರಿಗೂ ಇದೇ ಕಷ್ಟವಿತ್ತು. ತುತ್ತೂರಿ, ಡ್ರಮ್ಮುಗಳ ನಡುವೆ ಅವರ ನಾದ ಯಾರಿಗೂ ಕೇಳುತ್ತಿರಲಿಲ್ಲ. ಅವರು ತಂತಿಯ ಕೆಳಗೆ ಅಯಸ್ಕಾಂತಕ್ಕೆ ತಾಮ್ರದ ತಂತಿ ಸುತ್ತಿ ಕೂರಿಸಿದರು. ಉಕ್ಕಿನ ತಂತಿ ಅದುರಿದರೆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ, ಅದನ್ನು ಹಿಗ್ಗಿಸಿ ಸ್ಪೀಕರಿಗೆ ಕೊಡುವುದು, ಅಷ್ಟೆ. ಮೈಸೂರಿನಲ್ಲಿ ಮೂರು ತಂತಿ, ಅಲ್ಲಿ ಅಯಸ್ಕಾಂತ. ಕೇಳಿಸಬೇಕೆಂಬ ಹಟ ಎರಡು ಕಡೆಯೂ ಒಂದೇ. ಪರದೇಶದಿಂದ ಬಂದ ಪಿಟೀಲನ್ನು ಮಡಿ ಮಾಡಿ ಮೂಲೆಗಿಟ್ಟಿದ್ದರೆ ಚೌಡಯ್ಯನವರೆಲ್ಲಿ, ಆ ಏಳು ತಂತಿಯೆಲ್ಲಿ! 1967ರಲ್ಲಿ ಅವರು ತೀರಿಕೊಂಡರು. 1980ರಲ್ಲಿ ಬೆಂಗಳೂರಿನ ಮಲ್ಲೇಶ್ವರದ ಬಳಿ ಪಿಟೀಲಿನ ಆಕಾರದಲ್ಲೇ ಅವರ ಹೆಸರಿನ ಸಭಾಂಗಣ ಎದ್ದಿತು. ನನಗೆ ಅದು ಬಲು ಮೆಚ್ಚಿಗೆ. ಆ ಪಿಟೀಲಿನ ಹೊಟ್ಟೆಯೊಳಗೆ ಜನ ಹೋಗಿ ಹಾಡುತ್ತಾರೆ, ನಾಟಕ ಆಡುತ್ತಾರೆ.

ಈಗ ಹಾರ್ಮೋನಿಯಮ್ಮಿಗೆ ಬರುತ್ತೇನೆ. ನಮ್ಮ ಕಡೆಯ ಒಂದು ಹಳೆಯ ಸಂಸ್ಥೆ, ಹೆಸರು ಬೇಡ. ಅಲ್ಲಿ ಗಾಜಿನ ಕಪಾಟು. ಕಪಾಟಿನಲ್ಲಿ ಭಜನೆ ಕಲಿಸುತ್ತಿದ್ದ ಮಾಸ್ತರರ ಹಾರ್ಮೋನಿಯಮ್. ಅವರು ಹೋದ ಮೇಲೆ ಮನೆಯವರು ತಂದುಕೊಟ್ಟದ್ದು. ಅದಕ್ಕೆ ಪ್ಲಾಸ್ಟಿಕ್ ಹೂವಿನ ಹಾರ. ಆಯುಧಪೂಜೆಯ ದಿವಸ ಬೀಗ ತೆಗೆದು ಕುಂಕುಮ ಹಚ್ಚಿ ಮತ್ತೆ ಬೀಗ. ಕುರಾರ್ ಕಡೆಯಿಂದ ನಮ್ಮ ಕಾಲೇಜಿಗೆ ಬರುವ ಒಬ್ಬ ಹುಡುಗ ಇದ್ದಾನೆ. ಸುಖವಾಗಿ ಹಾಡುತ್ತಾನೆ, ಒಮ್ಮೆ ಕೇಳಿದ ಸ್ವರ ಮರೆಯುವುದಿಲ್ಲ. ಮನೆಯಲ್ಲಿ ವಾದ್ಯವಿಲ್ಲ, ಕೊಳ್ಳುವ ಮಾತೂ ಇಲ್ಲ. ಮೊಬೈಲಿನ ಗಾಜಿನ ಮೇಲೆ ಚಿತ್ರದ ಮನೆಗಳನ್ನು ಒತ್ತಿ ಅಭ್ಯಾಸ ಮಾಡುತ್ತಾನೆ. ಅವನನ್ನು ಕರೆದುಕೊಂಡು ಹೋಗಿ ಕೇಳಿದೆ, ವಾರಕ್ಕೆರಡು ದಿವಸ ಅಲ್ಲೇ ಕೂತು ನುಡಿಸಲು ಬಿಡಿ ಎಂದು. ಹಿರಿಯರು ಸಿಟ್ಟು ಮಾಡಲಿಲ್ಲ, ಚಹಾ ಕೊಟ್ಟರು. "ಅದು ಗುರುಗಳದ್ದು ಮಾರಾಯ. ಮುಟ್ಲಿಕ್ಕೆ ಕೊಡುವುದು ಹೇಗೆ? ಹಾಳಾದರೆ ಅವರ ಮನೆಯವರಿಗೆ ಯಾವ ಮುಖ ತೋರಿಸುವುದು?" ಅಂದರು. ಹುಡುಗ ಕಪಾಟಿನ ಗಾಜಿನ ಮೇಲೆ ಕೈಯಿಟ್ಟು ನೋಡುತ್ತಿದ್ದ. ಗಾಜಿನ ಮೇಲೆ ಬೆರಳ ಗುರುತು ಬಿತ್ತು. ಅದನ್ನೂ ಒರೆಸಿದರು.

ಹಿರಿಯರ ಭಯ ಸುಳ್ಳಲ್ಲ. ಹುಡುಗರು ಕೆಡಿಸುವುದುಂಟು. ಆದರೆ ಈ ವಾದ್ಯ ಕಪಾಟಿನೊಳಗೆ ಕೆಡುವುದಿಲ್ಲವೆಂದು ಯಾರು ಹೇಳಿದರು? ಮಲಾಡಿನ ನಾಲ್ಕು ತಿಂಗಳ ಮಳೆಗಾಲದಲ್ಲಿ ಗೋಡೆಯೇ ಬೆವರುತ್ತದೆ. ಹಿತ್ತಾಳೆಯ ರೀಡಿಗೆ ಕಿಲುಬು ಹಿಡಿಯುತ್ತದೆ, ಸ್ವರ ಜಾರುತ್ತದೆ, ತಿದಿಯ ಮಡಿಕೆ ಗಡುಸಾಗಿ ಒಡೆಯುತ್ತದೆ, ಉಳಿದದ್ದು ಜಿರಳೆಗೆ. ಗಾಳಿಯಾಡಿದರೇ ಹಾರ್ಮೋನಿಯಮ್ಮಿಗೆ ಆಯುಸ್ಸು. ಪಾಪ, ಈ ವಾದ್ಯಕ್ಕೆ ಬೀಗ ಹೊಸದಲ್ಲ. 1940ರಿಂದ 1971ರವರೆಗೆ ಆಕಾಶವಾಣಿಯೇ ಇದನ್ನು ಬಾಗಿಲ ಹೊರಗಿಟ್ಟಿತ್ತು. ಆದರೂ ಬೆಳಗಾವಿಯ ರಾಮಭಾವು ಬಿಜಾಪುರೆಯಂಥವರು ಅದನ್ನು ಕೈಬಿಡಲಿಲ್ಲ.

ಇಡುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಐರ್ಲೆಂಡಿನ ರೋರಿ ಗ್ಯಾಲಗರ್ 1963ರಲ್ಲಿ ಕಾರ್ಕ್ ಊರಿನಲ್ಲಿ ನೂರು ಪೌಂಡಿಗೆ ಕಂತಿನ ಮೇಲೆ ಕೊಂಡ ಗಿಟಾರು, ಅವನ ಬೆವರಿಗೆ ಬಣ್ಣವೆಲ್ಲ ಎದ್ದುಹೋದ ಗಿಟಾರು, 2024ರಲ್ಲಿ ಲಂಡನ್ನಿನಲ್ಲಿ ಹರಾಜಾಯಿತು. ಯಾವ ಸಾಹುಕಾರನ ತಿಜೋರಿ ಸೇರುತ್ತದೋ ಎಂದಿದ್ದಾಗ, ಕೊಂಡವರು ಅದನ್ನು ಐರ್ಲೆಂಡಿನ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಕೊಟ್ಟರು. ತಿಜೋರಿಗಿಂತ ಅದು ಸಾವಿರ ಪಾಲು ಮೇಲು. ಅದಕ್ಕಿಂತಲೂ ಒಳ್ಳೆಯ ದಾರಿ ಇಟಲಿಯ ಜಿನೋವಾ ನಗರದವರದು. ಪಾಗನೀನಿ 1840ರಲ್ಲಿ ಸತ್ತಾಗ ತನ್ನ ಪಿಟೀಲನ್ನು ಹುಟ್ಟೂರಿಗೆ ಬಿಟ್ಟುಹೋದ. 1743ರಲ್ಲಿ ಗ್ವಾರ್ನೇರಿ ಮಾಡಿದ ವಾದ್ಯ, ಬೆಲೆ ಕಟ್ಟುವ ಹಾಗಿಲ್ಲ. ಅವರೂ ಗಾಜಿನೊಳಗೇ ಇಟ್ಟಿದ್ದಾರೆ. ಆದರೆ ಬೀಗ ತೆಗೆಯುತ್ತಾರೆ! ಪಾಗನೀನಿಯ ಹೆಸರಿನ ಸ್ಪರ್ಧೆಯಲ್ಲಿ ಗೆದ್ದ ಎಳೆಯರ ಕೈಗೆ ಅದನ್ನು ಕೊಟ್ಟು ನುಡಿಸುತ್ತಾರೆ. ಗ್ವಾರ್ನೇರಿಯ ಪಿಟೀಲಿಗೆ ಇಲ್ಲದ ಮಡಿ ನಮ್ಮ ಮಾಸ್ತರರ ಹಾರ್ಮೋನಿಯಮ್ಮಿಗೆ ಬೇಕೇ? ಜೀವಮಾನವಿಡೀ ಮಕ್ಕಳಿಗೆ ಪುಕ್ಕಟೆ ಕಲಿಸಿದ ಮನುಷ್ಯ, ಒಬ್ಬ ಹುಡುಗ ಮುಟ್ಟಿದ್ದಕ್ಕೆ ಅಲ್ಲಿಂದ ಶಾಪ ಹಾಕುತ್ತಾರೆಯೇ?

ನಾವು ಆರು ಜನ ಸಹಿ ಮಾಡಿ ಅರ್ಜಿ ಕೊಟ್ಟಿದ್ದೇವೆ. ಶನಿವಾರ ಮಧ್ಯಾಹ್ನ ಎರಡು ಗಂಟೆ ಹೊತ್ತು, ಹಿರಿಯರ ಕಣ್ಣೆದುರಿಗೇ, ಕೈ ತೊಳೆದುಕೊಂಡು. ರಿಪೇರಿ ಖರ್ಚು ಬಂದರೆ ನಾವು ಚಂದಾ ಎತ್ತಿ ಕೊಡುತ್ತೇವೆ ಎಂದೂ ಬರೆದಿದ್ದೇವೆ. ಮಾಸ್ತರರ ಮಗಳು ಡೊಂಬಿವಲಿಯಲ್ಲಿದ್ದಾರೆಂದು ತಿಳಿದು ಹೋದ ಭಾನುವಾರ ಹೋಗಿ ಕಂಡು ಬಂದೆವು. ಅವರು ಕೇಳಿದ್ದು ಒಂದೇ ಪ್ರಶ್ನೆ: "ಅದರ ಕಪ್ಪು ಮನೆ ಒಂದು ಅಂಟಿಕೊಳ್ತಿತ್ತು, ಈಗ ಸರಿಯಾಗಿದೆಯಾ?" ನಮಗೆ ಗೊತ್ತಿಲ್ಲ ಎಂದೆವು. ಕಾರ್ಯಕಾರಿ ಸಮಿತಿ ಮುಂದಿನ ತಿಂಗಳು ಸೇರುತ್ತದೆ.