ಮಾಳಿಗೆಯ ಮೇಲೊಂದು ದೂರದರ್ಶಕ

ಮಕ್ಕಳಿಗೆ ಬಹುಮಾನವಾಗಿ ಕೊಡುವ ವಸ್ತುಗಳ ಸಾಲಿಗೆ ಇತ್ತೀಚಿನ ವರ್ಷಗಳಲ್ಲಿ ದೂರದರ್ಶಕವೂ ಸೇರಿದೆ. ಹಿಂದೆ ಕಾಲೇಜಿನಲ್ಲೋ ತಾರಾಲಯದಲ್ಲೋ ಮಾತ್ರ ಕಾಣಸಿಗುತ್ತಿದ್ದ ಈ ಉಪಕರಣವು ಇಂದು ಸಾಮಾನ್ಯ ಗೃಹಸ್ಥರ ಕೈಗೂ ಎಟುಕುವಂತಾಗಿದೆ. ಇದು ಸಂತೋಷದ ಸಂಗತಿಯೇ ಸರಿ. ಆದರೆ ಮೊದಲ ವಾರ ಮನೆಮಂದಿಯೆಲ್ಲ ಅದರ ಸುತ್ತ ನೆರೆದು, ಎರಡನೆಯ ವಾರ ಏನೂ ಕಾಣುವುದಿಲ್ಲವೆಂದು ಬೇಸತ್ತು, ಮೂರನೆಯ ವಾರ ಅದನ್ನು ಅಟ್ಟಕ್ಕೆ ಏರಿಸಿದ ಮನೆಗಳನ್ನೂ ನಾವು ಕಂಡಿದ್ದೇವೆ. ಇದಕ್ಕಿಂತ ಹೆಚ್ಚಿನ ಕಳವಳದ ಮಾತು ಬೇರೊಂದುಂಟು. ಅಜಾಗರೂಕತೆಯ ಒಂದೇ ಕ್ಷಣದಲ್ಲಿ ಕಣ್ಣಿನ ದೃಷ್ಟಿಯನ್ನು ಕಸಿದುಕೊಳ್ಳಬಲ್ಲ ವಸ್ತುವಿದು ಎಂಬ ಅರಿವು ಮನೆಯ ಹಿರಿಯರಿಗೇ ಇಲ್ಲದೆ ಅದು ಮಕ್ಕಳ ಕೈಸೇರುತ್ತಿದೆ. ಆದುದರಿಂದ ಈ ತಿಂಗಳು ದೂರದರ್ಶಕವನ್ನು ಮನೆಯಲ್ಲಿ ಹೇಗೆ ಇಟ್ಟುಕೊಳ್ಳಬೇಕು, ಹೇಗೆ ನೋಡಬೇಕು ಎಂಬುದನ್ನು ವಿಚಾರಿಸೋಣ.

ಎಲ್ಲಕ್ಕೂ ಮೊದಲ ನಿಯಮ

ಭೂತಗನ್ನಡಿಯಿಂದ ಬಿಸಿಲನ್ನು ಒಂದೆಡೆ ಕೂಡಿಸಿ ಕಾಗದ ಸುಡುವ ಆಟವನ್ನು ನಾವೆಲ್ಲರೂ ಬಾಲ್ಯದಲ್ಲಿ ಆಡಿದವರೇ. ದೂರದರ್ಶಕವನ್ನು ಸೂರ್ಯನ ಕಡೆಗೆ ತಿರುಗಿಸಿ ಕಣ್ಣಿಟ್ಟರೆ ಆ ಕಾಗದದ ಸ್ಥಾನದಲ್ಲಿ ನಮ್ಮ ಕಣ್ಣು ಇರುತ್ತದೆ. ಹಗಲಿನಲ್ಲಿ ಕಣ್ಣಿನ ಪಾಪೆ ಎರಡು ಮೂರು ಮಿಲಿಮೀಟರಿಗೆ ಕುಗ್ಗಿರುತ್ತದೆ. 70 ಮಿಲಿಮೀಟರ್ ಅಗಲದ ಮಸೂರವು ಅದಕ್ಕಿಂತ ಐನೂರು ಪಟ್ಟಿಗೂ ಮಿಗಿಲಾದ ಬೆಳಕನ್ನು ಸಂಗ್ರಹಿಸುತ್ತದೆ. ಕಣ್ಣಿನ ಹಿಂಬದಿಯ ಅಕ್ಷಿಪಟಕ್ಕೆ ನೋವನ್ನು ತಿಳಿಸುವ ನರಗಳಿಲ್ಲ. ಆದ್ದರಿಂದ ಸುಡುತ್ತಿರುವಾಗ ನೋವು ತಿಳಿಯುವುದಿಲ್ಲ. ಕೆಲವು ಗಂಟೆಗಳ ಬಳಿಕ ದೃಷ್ಟಿಯ ನಡುವೆ ಕಪ್ಪು ಕಲೆ ಕಾಣಿಸಿಕೊಂಡಾಗಲೇ ಅನಾಹುತದ ಅರಿವಾಗುತ್ತದೆ. ಹೀಗೆ ಹೋದ ದೃಷ್ಟಿಯನ್ನು ಮರಳಿ ತರುವ ಖಚಿತವಾದ ಚಿಕಿತ್ಸೆ ಇಲ್ಲ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಅಗ್ಗದ ದೂರದರ್ಶಕಗಳ ಪೆಟ್ಟಿಗೆಯಲ್ಲಿ ಕೆಲವೊಮ್ಮೆ ಕಪ್ಪು ಗಾಜಿನ ಚಿಕ್ಕ ಬಿಲ್ಲೆಯೊಂದು ಇರುತ್ತದೆ. ಸೂರ್ಯನನ್ನು ನೋಡಲೆಂದು ಅದನ್ನು ಕಣ್ಣಿಡುವ ಮಸೂರಕ್ಕೆ ತಿರುಪಿನಿಂದ ಕೂಡಿಸಬೇಕೆಂದು ಬರೆದಿರುತ್ತದೆ. ಕೂಡಿದ ಬಿಸಿಲಿನ ಕಾವೆಲ್ಲ ಆ ಬಿಲ್ಲೆಯ ಮೇಲೆಯೇ ಬೀಳುವುದರಿಂದ ನೋಡುತ್ತಿರುವಾಗಲೇ ಅದು ಬಿರುಕು ಬಿಡಬಲ್ಲದು. ಅಂಥದು ನಿಮ್ಮ ಪೆಟ್ಟಿಗೆಯಲ್ಲಿದ್ದರೆ ಇಂದೇ ಎಸೆದುಬಿಡಿ. ಗ್ರಹಣ ನೋಡುವ ಕಾಗದದ ಕನ್ನಡಕ, ಎಕ್ಸ್-ರೇ ಹಾಳೆ, ಮಸಿ ಹಿಡಿಸಿದ ಗಾಜು ಇವು ಯಾವುವೂ ದೂರದರ್ಶಕದ ಜೊತೆಗೆ ರಕ್ಷಣೆ ನೀಡಲಾರವು.

1980ರ ಫೆಬ್ರವರಿ 16ರಂದು ಸಂಪೂರ್ಣ ಸೂರ್ಯಗ್ರಹಣವು ನಮ್ಮ ನಾಡಿನ ಉತ್ತರ ಭಾಗವನ್ನು ಹಾದುಹೋಯಿತು. 2019ರ ಡಿಸೆಂಬರ್ 26ರಂದು ಕರಾವಳಿಯಲ್ಲಿ ಕಂಕಣ ಗ್ರಹಣ ಕಾಣಿಸಿತು. ಇಂಥ ಸಂದರ್ಭಗಳಲ್ಲಿ ಉತ್ಸಾಹ ಉಕ್ಕುವುದು ಸಹಜ. ಆದರೆ ಸೂರ್ಯನ ತೆಳುವಾದ ಅಂಚೊಂದು ಉಳಿದಿದ್ದರೂ ಕಣ್ಣಿಗೆ ಅಪಾಯವಿದ್ದೇ ಇದೆ. ದೂರದರ್ಶಕದ ಮುಂಬಾಯಿಯನ್ನು ಪೂರ್ತಿಯಾಗಿ ಮುಚ್ಚುವ, ಅದಕ್ಕೆಂದೇ ತಯಾರಿಸಿದ ಸೌರ ಶೋಧಕವು ಉಂಟು. ಆದರೆ ಅದನ್ನು ಬಳಸುವುದು ಬಲ್ಲವರ ಕೆಲಸ. ಹೊಸಬರ ಮನೆಗೆ ನಾವು ಹೇಳುವುದು ಒಂದೇ ಮಾತು: ಸೂರ್ಯ ಮುಳುಗಿದ ಮೇಲೆ ದೂರದರ್ಶಕ ಹೊರಬರಲಿ, ಸೂರ್ಯ ಮೂಡುವ ಮುನ್ನ ಒಳಸೇರಲಿ. ಹಗಲಿನಲ್ಲಿ ಅದನ್ನು ಮಾಳಿಗೆಯ ಮೇಲೆ ನಿಲ್ಲಿಸಿ ಬರಬಾರದು. ಕೊಳವೆಗೂ, ಅದರ ಮೇಲಿರುವ ಚಿಕ್ಕ ಫೈಂಡರಿಗೂ ಮುಚ್ಚಳ ಹಾಕಿಯೇ ಇಡಬೇಕು.

ಯಾವುದನ್ನು ಕೊಳ್ಳಬೇಕು?

ಪೆಟ್ಟಿಗೆಯ ಮೇಲೆ 500 ಪಟ್ಟು, 600 ಪಟ್ಟು ದೊಡ್ಡದಾಗಿ ತೋರಿಸುತ್ತದೆಂದು ದಪ್ಪಕ್ಷರಗಳಲ್ಲಿ ಮುದ್ರಿಸಿದ್ದರೆ ಅದಕ್ಕೆ ಮರುಳಾಗಬೇಡಿ. ನೋಡಬೇಕಾದುದು ಮುಂಭಾಗದ ಮಸೂರದ ಅಥವಾ ಒಳಗನ್ನಡಿಯ ಅಗಲವನ್ನು. ಆ ಅಗಲ ಎಷ್ಟು ಮಿಲಿಮೀಟರ್ ಇದೆಯೋ ಅದರ ಎರಡರಷ್ಟು ಪಟ್ಟಿಗಿಂತ ಹೆಚ್ಚು ಹಿಗ್ಗಿಸಿದರೆ ಬಿಂಬವು ಮಸುಕಾಗುತ್ತದೆಯೇ ಹೊರತು ಹೊಸದೇನೂ ಕಾಣದು. 70 ಮಿಲಿಮೀಟರಿನ ದೂರದರ್ಶಕಕ್ಕೆ 140 ಪಟ್ಟು ಕಡೆಯ ಮಿತಿ. ಲೆಕ್ಕವೂ ಸುಲಭ: ಕೊಳವೆಯ ನಾಭಿದೂರವನ್ನು ಕಣ್ಣಿಡುವ ಮಸೂರದ ನಾಭಿದೂರದಿಂದ ಭಾಗಿಸಬೇಕು. ಕೊಳವೆಯದು 700 ಮಿಲಿಮೀಟರ್, ಐಪೀಸಿನದು 25 ಆದರೆ ಹಿಗ್ಗುವಿಕೆ 28 ಪಟ್ಟು. 10 ಆದರೆ 70 ಪಟ್ಟು. ಮೊದಲ ವರ್ಷಕ್ಕೆ ಇವೆರಡೇ ಸಾಕು.

ಅಗಲದಷ್ಟೇ ಮುಖ್ಯವಾದುದು ನಿಲುವು. ಕಾಲುಗಳು ಅದುರುವ ಸ್ಟ್ಯಾಂಡಿನ ಮೇಲೆ ಎಷ್ಟು ಒಳ್ಳೆಯ ಮಸೂರವಿದ್ದರೂ ವ್ಯರ್ಥ. ಹೊಸಬರಿಗೆ ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಸರಳವಾಗಿ ತಿರುಗುವ ಪೀಠವೇ ಉತ್ತಮ. ಇಂಥ ಸರಳ ಮರದ ಪೀಠವನ್ನು ಲೋಕಪ್ರಿಯಗೊಳಿಸಿದವರು ಜಾನ್ ಡಾಬ್ಸನ್ (1915–2014). ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದ ವೇದಾಂತ ಆಶ್ರಮದಲ್ಲಿ ಅವರು 1944ರಿಂದ 1967ರವರೆಗೆ ಸಂನ್ಯಾಸಿಗಳಾಗಿದ್ದರು. ಅಗ್ಗದ ಸಾಮಗ್ರಿಗಳಿಂದ ತಾವೇ ದೂರದರ್ಶಕಗಳನ್ನು ಕಟ್ಟಿ, ಬೀದಿಬದಿಯಲ್ಲಿ ನಿಲ್ಲಿಸಿ, ಹೋಗಿಬರುವವರಿಗೆಲ್ಲ ಚಂದ್ರನನ್ನೂ ಗ್ರಹಗಳನ್ನೂ ತೋರಿಸುವುದು ಅವರ ಜೀವನದ ಕಾಯಕವೇ ಆಗಿತ್ತು. ಅವರ ಹೆಸರಿನಿಂದಲೇ ಆ ಬಗೆಗೆ ಡಾಬ್ಸೋನಿಯನ್ ಎಂಬ ಹೆಸರು ಬಂದಿದೆ.

ನಿಲ್ಲಿಸುವ ಬಗೆ

ಸೂರ್ಯ ಮುಳುಗಿ, ಇನ್ನೂ ಮಬ್ಬು ಬೆಳಕಿರುವ ಹೊತ್ತು ಸಿದ್ಧತೆಗೆ ಪ್ರಶಸ್ತವಾದುದು. ಸಮನಾದ ನೆಲದ ಮೇಲೆ ಸ್ಟ್ಯಾಂಡಿನ ಕಾಲುಗಳನ್ನು ಅಗಲಿಸಿ ನಿಲ್ಲಿಸಿ, ತಿರುಪುಗಳನ್ನು ಬಿಗಿಗೊಳಿಸಬೇಕು. ಕಾಲುಗಳನ್ನು ಪೂರ್ತಿ ಉದ್ದಕ್ಕೆ ಎಳೆಯದಿದ್ದರೆ ಅದುರಾಟ ಕಡಿಮೆ. 25 ಮಿಲಿಮೀಟರಿನ ಐಪೀಸನ್ನು ಹಾಕಿ, ದೂರದ ಗೋಪುರದ ತುದಿಯನ್ನೋ ಮೊಬೈಲ್ ಟವರಿನ ತುದಿಯನ್ನೋ ಕೊಳವೆಯ ನಡುವೆ ತಂದುಕೊಳ್ಳಬೇಕು. ಬಳಿಕ ಕೊಳವೆಯನ್ನು ಅಲುಗಿಸದೆ, ಫೈಂಡರಿನ ಚಿಕ್ಕ ತಿರುಪುಗಳನ್ನು ತಿರುಗಿಸಿ ಅದೇ ತುದಿಯು ಅದರ ನಡುವಿಗೂ ಬರುವಂತೆ ಮಾಡಬೇಕು. ಏನೂ ಕಾಣುವುದಿಲ್ಲ ಎಂಬ ದೂರಿಗೆ ಹೆಚ್ಚಿನ ಮನೆಗಳಲ್ಲಿ ಕಾರಣ ಈ ಒಂದು ಕೆಲಸವನ್ನು ಬಿಟ್ಟಿರುವುದೇ.

ಬಿಂಬವು ತಲೆಕೆಳಗಾಗಿಯೋ ಎಡಬಲ ಅದಲುಬದಲಾಗಿಯೋ ಕಂಡರೆ ಉಪಕರಣ ಕೆಟ್ಟಿದೆಯೆಂದು ತಿಳಿಯಬಾರದು. ಆಕಾಶ ನೋಡುವ ದೂರದರ್ಶಕದ ಗುಣವೇ ಅದು. ನೋಡುತ್ತಿದ್ದ ಗ್ರಹವು ಮೆಲ್ಲನೆ ಜಾರಿ ಮರೆಯಾದರೂ ಗಾಬರಿ ಬೇಡ. ಭೂಮಿಯು ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿಯಂತೆ ತಿರುಗುತ್ತಿರುವುದನ್ನು ಮಕ್ಕಳಿಗೆ ತಿಳಿಸಲು ಅದಕ್ಕಿಂತ ಒಳ್ಳೆಯ ಪಾಠ ಬೇರಿಲ್ಲ.

ಕಿಟಕಿಯ ಗಾಜಿನ ಮೂಲಕ ನೋಡಬಾರದು. ಕಾಂಕ್ರೀಟ್ ಮಾಳಿಗೆಯು ಹಗಲಿನ ಕಾವನ್ನು ರಾತ್ರಿಯವರೆಗೂ ಹೊರಬಿಡುತ್ತಿರುತ್ತದೆ; ಆ ಬಿಸಿಗಾಳಿಯಲ್ಲಿ ಬಿಂಬವು ನೀರಿನಲ್ಲಿ ಅಲುಗಿದಂತೆ ಅಲುಗುತ್ತದೆ. ಮಣ್ಣಿನ ಅಂಗಳವಿದ್ದರೆ ಅದೇ ಮೇಲು. ಮಾಳಿಗೆಯೇ ಗತಿಯಾದರೆ ಸ್ವಲ್ಪ ತಡವಾಗಿ ನೋಡುವುದು ಒಳಿತು. ಅಲ್ಲಿ ಎದೆಮಟ್ಟದ ಗೋಡೆ ಇರಲೇಬೇಕು. ಕತ್ತಲೆಯಲ್ಲಿ ಆಕಾಶವನ್ನೇ ನೋಡುತ್ತ ಹಿಂದೆ ಸರಿಯುವ ಮಕ್ಕಳಿಗೆ ಅಂಚಿನ ನೆನಪಿರುವುದಿಲ್ಲ.

ಮೊದಲು ಏನನ್ನು ನೋಡಬೇಕು?

ಚಂದ್ರನಿಂದ ಆರಂಭಿಸಿ. ಹುಣ್ಣಿಮೆಯ ದಿನವೇ ಚೆನ್ನೆಂದು ಬಹುಮಂದಿ ಭಾವಿಸುತ್ತಾರೆ. ಆದರೆ ಅಂದು ಬಿಸಿಲು ಚಂದ್ರನ ಮೇಲೆ ನೇರವಾಗಿ ಬೀಳುವುದರಿಂದ ನೆರಳುಗಳಿಲ್ಲದೆ ಎಲ್ಲವೂ ಚಪ್ಪಟೆಯಾಗಿ ಕಾಣುತ್ತದೆ. ಶುಕ್ಲಪಕ್ಷದ ಪಂಚಮಿಯಿಂದ ದಶಮಿಯವರೆಗೆ ನೋಡಬೇಕು. ಬೆಳಕು ಕತ್ತಲೆಗಳು ಕೂಡುವ ಗೆರೆಯ ಉದ್ದಕ್ಕೂ ಕುಳಿಗಳ ಅಂಚು, ಬೆಟ್ಟಗಳ ನೆರಳು ಎದ್ದು ತೋರುತ್ತವೆ.

ಬಳಿಕ ಗುರುಗ್ರಹ. 1610ರ ಜನವರಿಯಲ್ಲಿ ಗೆಲಿಲಿಯೋ ಸುಮಾರು 20 ಪಟ್ಟು ಹಿಗ್ಗಿಸುವ ಕೊಳವೆಯಿಂದ ಕಂಡ ಅದರ ನಾಲ್ಕು ಚಂದ್ರರು ನಿಮ್ಮ 28 ಪಟ್ಟಿನ ಮಸೂರದಲ್ಲಿ ಚುಕ್ಕಿಗಳ ಸಾಲಾಗಿ ಕಾಣುತ್ತವೆ. ಒಳಗಿನ ಅಯೋ ಸುಮಾರು 42 ಗಂಟೆಗಳಲ್ಲಿ ಒಂದು ಸುತ್ತು ಮುಗಿಸುವುದರಿಂದ ಸಾಲು ರಾತ್ರಿಯಿಂದ ರಾತ್ರಿಗೆ ಬದಲಾಗುತ್ತದೆ. ಶನಿಯ ಬಳೆಗಳು 2025ರ ಮಾರ್ಚಿನಲ್ಲಿ ತಮ್ಮ ಅಂಚನ್ನು ನಮ್ಮ ಕಡೆಗೆ ತಿರುಗಿಸಿದ್ದುವು. ಅಲ್ಲಿಂದ ಮುಂದಿನ ವರ್ಷಗಳಲ್ಲಿ ಅವು ಅಗಲವಾಗುತ್ತ ಹೋಗುವವು. ಚಳಿಗಾಲದಲ್ಲಿ ಕೃತ್ತಿಕೆಯ ಗೊಂಚಲು ಕಡಿಮೆ ಹಿಗ್ಗಿಸಿದಷ್ಟೂ ಚೆಂದ. ಪುಸ್ತಕದ ಬಣ್ಣಬಣ್ಣದ ಚಿತ್ರಗಳಂತೆ ಯಾವುದೂ ಕಾಣುವುದಿಲ್ಲವೆಂದು ಮಕ್ಕಳಿಗೆ ಮೊದಲೇ ತಿಳಿಸಿದರೆ ನಿರಾಶೆಗೆ ಎಡೆಯಿರದು.

ಕತ್ತಲೆಗೆ ಕಣ್ಣು ಹೊಂದಿಕೊಳ್ಳಲು ಅರ್ಧ ಗಂಟೆ ಬೇಕು. ಆದ್ದರಿಂದ ಫೋನಿನ ಬೆಳಕು ಬೇಡ. ಟಾರ್ಚಿಗೆ ಕೆಂಪು ಹಾಳೆ ಸುತ್ತಿಕೊಳ್ಳಿ. ನೋಡುವವರು ಕೊಳವೆಯನ್ನು ಹಿಡಿಯದೆ ಕೈಗಳನ್ನು ಹಿಂದೆ ಕಟ್ಟಿಕೊಳ್ಳಲಿ. ಚಿಕ್ಕವರಿಗೊಂದು ಮಣೆಯಿರಲಿ. ಕಾಣದ ಅಜ್ಜಿಗೂ ಅವಸರದ ಮೊಮ್ಮಗನಿಗೂ ಒಂದೊಂದು ಸರದಿಯಿರಲಿ.

ಕಾಪಾಡುವ ಬಗೆ

ಮಸೂರದ ಮೇಲೆ ಧೂಳು ಕೂತೊಡನೆ ಸೀರೆಯ ಸೆರಗಿನಿಂದಲೋ ಕರವಸ್ತ್ರದಿಂದಲೋ ಒರೆಸಬಾರದು. ಧೂಳಿನ ಕಣಗಳೇ ಗಾಜನ್ನು ಗೀರುತ್ತವೆ. ಅಲ್ಪಸ್ವಲ್ಪ ಧೂಳಿನಿಂದ ನೋಟಕ್ಕೆ ಕುಂದಿಲ್ಲ. ತೀರ ಅಗತ್ಯವಾದರೆ ರಬ್ಬರ್ ಬುರುಡೆಯಿಂದ ಗಾಳಿ ಊದಿದರೆ ಸಾಕು. ಇಬ್ಬನಿ ಬಿದ್ದ ರಾತ್ರಿ ಒಳತಂದ ಮೇಲೆ ತೇವ ಪೂರ್ತಿ ಆರಿದ ಬಳಿಕವೇ ಮುಚ್ಚಳ ಹಾಕಬೇಕು. ಮಳೆಗಾಲದ ತಿಂಗಳುಗಳಲ್ಲಿ ಮಸೂರಗಳಿಗೆ ಬೂಷ್ಟು ಹಿಡಿಯುವ ಭಯವುಂಟು. ಐಪೀಸುಗಳನ್ನು ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಬಿಗಿಮುಚ್ಚಳದ ಡಬ್ಬಿಯಲ್ಲಿಟ್ಟರೆ ಕ್ಷೇಮ.

ಹಿರಿಯರಲ್ಲಿ ಒಂದು ಬಿನ್ನಹ

ಒಲೆಯನ್ನು ನಾವು ಮಕ್ಕಳಿಗೆ ಒಮ್ಮೆಲೇ ಒಪ್ಪಿಸುವುದಿಲ್ಲ. ಬಳಿಯಲ್ಲಿ ನಿಂತು, ಹಚ್ಚುವುದನ್ನೂ ಆರಿಸುವುದನ್ನೂ ಕಲಿಸಿದ ಮೇಲೆ ಬಿಡುತ್ತೇವೆ. ದೂರದರ್ಶಕಕ್ಕೂ ಇದೇ ಕ್ರಮ ಸಲ್ಲುತ್ತದೆ. ಹಿರಿಯರೊಬ್ಬರು ಜೊತೆಯಲ್ಲಿರಲಿ. ಸೂರ್ಯನ ನಿಯಮವನ್ನು ಗದರಿಕೆಯಾಗಿ ಹೇಳದೆ, ಭೂತಗನ್ನಡಿಯಿಂದ ಒಣ ಎಲೆಯೊಂದನ್ನು ಸುಟ್ಟು ತೋರಿಸಿ ಹೇಳಿದರೆ ಮಗುವಿನ ಮನಸ್ಸಿನಲ್ಲಿ ಅದು ಅಚ್ಚೊತ್ತುತ್ತದೆ. ನೆರೆಮನೆಯ ಮಕ್ಕಳು ಬಂದಾಗ ಆ ಮಾತನ್ನು ಅವರಿಗೂ ತಪ್ಪದೆ ತಿಳಿಸಬೇಕು. ಜೊತೆಗೆ ಒಂದು ನೋಟ್‌ಬುಕ್ಕನ್ನು ಕೊಡಿ. ತಿಥಿ, ಹೊತ್ತು, ಕಂಡ ಬಿಂಬದ ಸರಳ ಚಿತ್ರ ಇಷ್ಟನ್ನು ಬರೆದಿಡಲಿ. ಗುರುವಿನ ಚಂದ್ರರನ್ನು ಹತ್ತು ರಾತ್ರಿ ಬಿಡದೆ ಬರೆದ ಮಗುವು ಗೆಲಿಲಿಯೋ ಮಾಡಿದ್ದನ್ನೇ ತಾನೂ ಮಾಡಿದಂತಾಗುತ್ತದೆ. ಆ ಪುಟಗಳು ತುಂಬುತ್ತಿರುವವರೆಗೆ ದೂರದರ್ಶಕವು ಅಟ್ಟಕ್ಕೆ ಏರಲಾರದು.