ಹಲ್ಲು ನೋಡುವ ಡಾಕ್ಟರು ಬಾಯಿಯನ್ನೂ ನೋಡಲಿ

ಹಲ್ಲಿನ ಡಾಕ್ಟರ ಹತ್ತಿರ ನಾವು ಸುಮ್ಮನೆ ಹೋಗುವವರಲ್ಲ. ಲವಂಗದ ಎಣ್ಣೆ ಸೋತು, ಮೆಡಿಕಲ್ ಶಾಪಿನ ಮಾತ್ರೆ ಮುಗಿದು, ರಾತ್ರಿ ನಿದ್ದೆ ಕೆಟ್ಟ ಮೇಲೆಯೇ ಹೋಗುವುದು. ಡಾಕ್ಟರು ನೋಡುವುದೂ ನಾವು ಬೆರಳಿಟ್ಟು ತೋರಿಸಿದ ಹಲ್ಲನ್ನೇ. ಕೀಳುವುದೋ, ರೂಟ್ ಕೆನಾಲೋ ಎಂದು ತೀರ್ಮಾನವಾಗುತ್ತದೆ. ಬಾಯಿ ಮುಕ್ಕಳಿಸಿ ಎದ್ದು ಬರುತ್ತೇವೆ. ಬಾಯಿ ಕ್ಯಾನ್ಸರಿನ ಮಟ್ಟಿಗೆ ಈ ಪದ್ಧತಿ ಶುದ್ಧ ಎಡವಟ್ಟು. ಆ ಕಾಯಿಲೆ ಶುರುವಿನಲ್ಲಿ ಸಾಮಾನ್ಯವಾಗಿ ನೋಯುವುದೇ ಇಲ್ಲ.

ಕೆನ್ನೆಯ ಒಳಬದಿಯಲ್ಲಿ ಉಜ್ಜಿದರೂ ಹೋಗದ ಬಿಳಿ ಮಚ್ಚೆ, ಅದಕ್ಕಿಂತ ಅಪಾಯದ ಕೆಂಪು ಮಚ್ಚೆ, ನಾಲಗೆಯ ಅಂಚಿನಲ್ಲಿ ಎರಡು ವಾರವಾದರೂ ಮಾಯದ ಹುಣ್ಣು. ನಮ್ಮ ಮನೆಗಳಲ್ಲಿ ಇವೆಲ್ಲಕ್ಕೂ ಒಂದೇ ಉತ್ತರ: ‘ಉಷ್ಣ ಆಗಿದೆ.’ ಎಳನೀರು, ಮಜ್ಜಿಗೆ, ಬಿ ಕಾಂಪ್ಲೆಕ್ಸ್ ನಡೆಯುತ್ತವೆ. ಅವುಗಳಿಂದ ಕೇಡೇನಿಲ್ಲ, ತಿಂಗಳುಗಳು ಕೈಬಿಟ್ಟು ಹೋಗುತ್ತವೆ ಅಷ್ಟೆ.

ಇಂಥ ಗುರುತುಗಳನ್ನು ಹುಡುಕಲು ದೊಡ್ಡ ಯಂತ್ರ ಬೇಕಿಲ್ಲ. ಒಳ್ಳೆಯ ಬೆಳಕು, ಪುಟ್ಟ ಕನ್ನಡಿ, ಕೈಗವಸು, ನಾಲಗೆ ಹಿಡಿದೆಳೆಯಲು ಒಂದು ತುಂಡು ಗಾಜ್ ಬಟ್ಟೆ ಸಾಕು. ಕೆನ್ನೆ, ಒಸಡು, ಅಂಗುಳ, ನಾಲಗೆಯ ಎರಡೂ ಅಂಚು ಮತ್ತು ಅಡಿಭಾಗ ನೋಡಿ, ಕತ್ತಿನಲ್ಲಿ ಗಂಟಿದೆಯೇ ಎಂದು ಮುಟ್ಟಿ ನೋಡಲು ಕೆಲವೇ ನಿಮಿಷ. ಕೇರಳದ ತಿರುವನಂತಪುರದಲ್ಲಿ 1996ರಲ್ಲಿ ಆರಂಭವಾದ ಅಧ್ಯಯನದಲ್ಲಿ ಈ ಕೆಲಸ ಮಾಡಿದವರು ಡಾಕ್ಟರುಗಳೂ ಅಲ್ಲ, ತರಬೇತಿ ಪಡೆದು ಮನೆಮನೆಗೆ ಹೋದ ಆರೋಗ್ಯ ಕಾರ್ಯಕರ್ತರು. 2005ರಲ್ಲಿ ‘ಲ್ಯಾನ್ಸೆಟ್’ ಪ್ರಕಟಿಸಿದ ಫಲಿತಾಂಶದಂತೆ, ತಂಬಾಕು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿ ಕ್ಯಾನ್ಸರಿನಿಂದಾಗುವ ಸಾವು ಶೇ 34ರಷ್ಟು ಇಳಿದಿತ್ತು. ಅಭ್ಯಾಸವಿಲ್ಲದವರಲ್ಲಿ ಅಂಥ ಲಾಭ ಕಾಣಲಿಲ್ಲ. ಅಂದರೆ ಕುರ್ಚಿಯಲ್ಲಿ ಕೂತವರನ್ನು ಡಾಕ್ಟರು ಮೊದಲು ಕೇಳಬೇಕಾದದ್ದು, ‘ಬಾಯಿಗೆ ಏನೇನು ಹಾಕ್ತೀರಿ?’

ಈ ಪ್ರಶ್ನೆ ಕರ್ನಾಟಕದಲ್ಲಿ ಸ್ವಲ್ಪ ಮುಜುಗರದ್ದು. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವವರು ನಾವು. ತಾಂಬೂಲವಿಲ್ಲದೆ ನಮ್ಮಲ್ಲಿ ಮದುವೆ ನಡೆಯದು. ಆದರೆ ತಂಬಾಕು ಬೆರೆಸದ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ‘ನಾನು ಹೊಗೆಸೊಪ್ಪು ಮುಟ್ಟಲ್ಲ, ಬರೀ ಎಲೆಅಡಿಕೆ’ ಎನ್ನುವವರು ಹೀಗಾಗಿ ಲೆಕ್ಕದಿಂದ ತಪ್ಪಿಸಿಕೊಳ್ಳುವಂತಿಲ್ಲ. ಅಡಿಕೆ ಜಗಿಯುವವರಲ್ಲಿ ಕೆನ್ನೆಯ ಒಳಪದರ ಗಡುಸಾಗಿ ಬಾಯಿ ತೆರೆಯುವುದೇ ಕಷ್ಟವಾಗಬಹುದು. ನಿಮ್ಮದೇ ಮೂರು ಬೆರಳು ಒಂದರ ಮೇಲೊಂದು ಇಟ್ಟು ಹಲ್ಲುಗಳ ನಡುವೆ ತೂರಿಸಿ ನೋಡಿ. ಹೋಗದಿದ್ದರೆ ನೋವಿಗಾಗಿ ಕಾಯದೆ ಡಾಕ್ಟರ ಬಳಿ ಹೋಗಿ.

ಮೂವತ್ತು ದಾಟಿದ ಎಲ್ಲರ ಬಾಯಿಯನ್ನೂ ಐದು ವರ್ಷಕ್ಕೊಮ್ಮೆ ನೋಡಬೇಕು ಎಂದು 2016ರಿಂದ ಸರ್ಕಾರದ ಮಾರ್ಗಸೂಚಿಯೇ ಇದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಹಾಗೆ ತೋರಿಸಿಕೊಂಡವರು ಸುಮಾರು ನೂರಕ್ಕೆ ಒಬ್ಬರು. ಆಶಾ ಕಾರ್ಯಕರ್ತೆಯರ ತಲೆಯ ಮೇಲೆ ಇನ್ನೊಂದು ನಮೂನೆ ಹೇರುವ ಬದಲು, ಊರೂರಲ್ಲಿ ಬೋರ್ಡು ಹಾಕಿಕೊಂಡಿರುವ ದಂತವೈದ್ಯರನ್ನು ಇದಕ್ಕೆ ಬಳಸಿಕೊಳ್ಳಬೇಕು ಎಂಬುದು ನನ್ನ ವಾದ. ಹಲ್ಲು ಕೀಳಿಸಲು ಬಂದವರಿಗೂ ಇಡೀ ಬಾಯಿಯ ತಪಾಸಣೆ ಆಗಲಿ, ಕಂಡದ್ದನ್ನು ಚೀಟಿಯಲ್ಲಿ ಬರೆಯಲಿ. ಚೂಪು ಹಲ್ಲು ತಾಗಿ ಆದ ಹುಣ್ಣಾದರೆ ಹಲ್ಲನ್ನು ಉಜ್ಜಿ ನಯಮಾಡಿ, ಎರಡು ವಾರಕ್ಕೆ ಮತ್ತೆ ಬರಹೇಳಲಿ.

ಕಷ್ಟ ಅದರ ಮುಂದಿದೆ. ಬಯಾಪ್ಸಿ ಎಂದ ಕೂಡಲೇ ‘ಕತ್ತಿ ತಾಗಿದರೆ ಹರಡುತ್ತದಂತೆ’ ಎಂದು ಹೆದರಿ ನಾಟಿ ಔಷಧಿಗೆ ತಿರುಗುವವರಿದ್ದಾರೆ. ಹಾಗೇನೂ ಹರಡುವುದಿಲ್ಲ ಎಂದು ಕುರ್ಚಿಯ ಪಕ್ಕದಲ್ಲೇ, ಮನೆಯವರನ್ನೂ ಕೂರಿಸಿಕೊಂಡು ಹೇಳಬೇಕು. ಹತ್ತಿರದ ದಂತ ಕಾಲೇಜಿಗೋ ಜಿಲ್ಲಾಸ್ಪತ್ರೆಗೋ ಹೆಸರು, ವಿಭಾಗ, ದಿನ ಬರೆದು ಕಳಿಸಬೇಕು. ಹೋದರೋ ಇಲ್ಲವೋ ಎಂದು ವಾರ ಬಿಟ್ಟು ಒಂದು ಫೋನ್ ಮಾಡಬೇಕು.